ಸುಟ್ಟ ತಾಮ್ರದಲ್ಲೂ ನನ್ನ ನಂಬರ್ ಸಿಕ್ಕಿತು

ಬೋರ್ ಮೋಟಾರಿನ ಹೊಸ ಕೇಬಲ್ಲನ್ನ ನಡುವೆ ಕತ್ತರಿಸಿ ಜಾಯಿಂಟ್ ಹಾಕು ಅಂದಾಗ ನಮ್ಮ ಮೋಟಾರ್ ಮೆಕ್ಯಾನಿಕ್ "ತಲೆ ಕೆಟ್ಟಿದೆಯಾ ಅಣ್ಣ?" ಅಂದ. ಕಟ್ಟೆ ಮೇಲೆ ಕೂತವರೂ ನಕ್ಕರು. ಕಳುವಾದ ತಾಮ್ರವನ್ನ ಠಾಣೆಯಿಂದ ವಾಪಸ್ ತಂದವನು ನಮ್ಮ ಸುತ್ತಲ ಹಳ್ಳಿಗಳಲ್ಲಿ ಸದ್ಯಕ್ಕೆ ನಾನೊಬ್ಬನೇ.

2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಕೋಲಾರದ ಕೆರೆಗಳಿಗೆ ಬಂದ ಮೇಲೆ ನಮ್ಮ ಕಡೆ ಬತ್ತಿದ್ದ ಕೆಲವು ಬೋರು ಮತ್ತೆ ಎದ್ದವು. ಮೋಟಾರ್ ಇಳಿಸಿದೆವು, ಹಿಂದೆಯೇ ಕಳ್ಳರೂ ಬಂದರು. ತ್ರೀಫೇಸ್ ಇಲ್ಲದ ರಾತ್ರಿ ಅವರಿಗೆ ಹಬ್ಬ. ಮೊದಲ ಸಲ ಪಂಪ್‌ಹೌಸಿಂದ ಬೋರ್‌ವರೆಗಿನ ಕೇಬಲ್, ಸ್ಟಾರ್ಟರ್ ಎರಡೂ ಹೋಗಿ ಮೂವತ್ತು ಸಾವಿರದ ಹತ್ತಿರ ಕೈ ಬಿಟ್ಟಿತು. ಕಾಯಿ ಕಟ್ಟಿದ್ದ ಟೊಮೆಟೊ ಒಣಗಿದ್ದು ಬೇರೆ. ಎಂಟು ಸಾವಿರದ ಸೋಲಾರ್ ಕ್ಯಾಮೆರಾ ಹಾಕಿದೆ, ಮುಂದಿನ ಸಲ ಕ್ಯಾಮೆರಾನೂ ಬಿಚ್ಚಿಕೊಂಡು ಹೋದರು. ಕೇಬಲ್ ಜೊತೆ ಸಣ್ಣ ತಂತಿ ಎಳೆದು, ಅದು ತುಂಡಾದರೆ ರಿಲೇ ಬಿದ್ದು ಸೈರನ್ ಕೂಗೋ ಹಾಗೆ ಮಾಡಿದೆ. ಚೆನ್ನಾಗೇ ಕೂಗಿತು, ಇಲಿ ಕಡಿದಾಗಲೆಲ್ಲ. ಅಲ್ಯೂಮಿನಿಯಂ ಕೇಬಲ್ಲೂ ನೋಡಿದೆ. ಕಳ್ಳ ಮುಟ್ಟಲ್ಲ, ನಿಜ. ಆದರೆ ತಾಮ್ರ ಸೇರೋ ಕಡೆ ಬಿಸಿಯಾಗಿ ಜಾಯಿಂಟ್ ಸುಟ್ಟಿತು. ಎರಡೂ ಲೋಹ ಕೂಡಿಸೋಕಂತಲೇ ಇರೋ ಸರಿಯಾದ ಬೈಮೆಟಲ್ ಲಗ್ ಹಾಕಿ ಇನ್ನೊಂದು ಸಲ ನೋಡಬೇಕು ಅಂತಿದೆ.

ಕೇಬಲ್ ಮೇಲೆ ಹೆಸರು ಬರೆದರೆ ಉಪಯೋಗ ಇಲ್ಲ, ಕಳ್ಳರು ಮೇಲಿನ ಪ್ಲಾಸ್ಟಿಕ್ ಸುಟ್ಟೇ ಮಾರೋದು. ಅದಕ್ಕೇ ನಡುವೆ ಜಾಯಿಂಟ್ ಹಾಕಿಸಿ, ತಂತಿ ಸೇರಿಸೋ ತಾಮ್ರದ ಸ್ಲೀವ್ (ಸಣ್ಣ ಕೊಳವೆ) ಮೇಲೆ, ಒತ್ತಿ ಬಿಗಿಯೋ ಕ್ರಿಂಪ್ ಬೀಳದ ತುದಿಯಲ್ಲಿ, 2 ಮಿ.ಮೀ. ಪಂಚಿಂದ ನನ್ನ ಆರ್‌ಆರ್ ನಂಬರಿನ (ಕರೆಂಟ್ ಬಿಲ್ಲಲ್ಲಿರೋ ಸಂಪರ್ಕದ ನಂಬರ್) ಕೊನೇ ಅಂಕಿಗಳನ್ನ ಹೊಡೆದೆ. ಒಳಗೆ ಕಬ್ಬಿಣದ ಕಡ್ಡಿ ಇಟ್ಟು ಹೊಡೀಬೇಕು, ಇಲ್ಲಾಂದ್ರೆ ಸ್ಲೀವ್ ಚಪ್ಪಟೆ. ಸ್ಲೀವೂ ತಾಮ್ರವೇ ಆದ್ದರಿಂದ ಕಳ್ಳ ಕಿತ್ತು ಬಿಸಾಡಲ್ಲ, ತೂಕಕ್ಕೆ ಹಾಕ್ತಾನೆ. ಇನ್ನೊಂದು ಗುರುತು ಇದೆ. ಎಲ್ಲಿ ಅಂತ ಮೆಕ್ಯಾನಿಕ್‌ಗೂ ಹೇಳಿಲ್ಲ, ಇಲ್ಲೂ ಹೇಳಲ್ಲ.

ಕಳೆದ ಬೇಸಿಗೆಯಲ್ಲಿ ಮತ್ತೆ ಹೋಯಿತು. ಎಫ್‌ಐಆರಲ್ಲಿ ಸ್ಲೀವ್ ವಿಷಯ ಬರೆಸಿದೆ. ಬರೆದುಕೊಂಡವರು ಒಂದು ಥರ ನೋಡಿದರು. ಒಂದೆರಡು ತಿಂಗಳಿಗೆ ಬೇರೆ ಕೇಸಲ್ಲಿ ಗುಜರಿ ಅಂಗಡಿಯಿಂದ ಮೂಟೆಗಟ್ಟಲೆ ಸುಟ್ಟ ತಾಮ್ರ ಜಪ್ತಿಯಾಯಿತು. ನಾಲ್ಕೈದು ಊರಿನವರು ನಂದು ನಂದು ಅಂತ ನಿಂತಿದ್ದರು. ನಾನು ಮನೆಯಿಂದ ಹುಣಸೆಹಣ್ಣು ಒಯ್ದಿದ್ದೆ. ಕರಿ ಹಿಡಿದ ಸ್ಲೀವ್ ಒಂದನ್ನ ಪೊಲೀಸರ ಮುಂದೆಯೇ ಉಜ್ಜಿದೆ, ಅಂಕಿ ಕೆಂಪಗೆ ಎದ್ದು ಬಂತು. ಕರೆಂಟ್ ಬಿಲ್ ಪಕ್ಕಕ್ಕಿಟ್ಟೆ. ಹೆಚ್ಚು ಮಾತು ಬೇಕಾಗಲಿಲ್ಲ, ಮಹಜರಲ್ಲಿ ಬರೆಸಿಕೊಂಡೆ.

ಆದರೂ ಠಾಣೆಯಿಂದ ಹಾಗೇ ಕೊಡಲ್ಲ, ಮ್ಯಾಜಿಸ್ಟ್ರೇಟ್ ಆದೇಶ ಬೇಕು. ಹಳೇ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 457ನೇ ಕಲಂ, 2024ರ ಜುಲೈಯಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ 503. "ಕೇಸ್ ಮುಗಿಯೋವರೆಗೂ ಸಿಗಲ್ಲ" ಅಂತ ಹೆದರಿಸೋರು ಇರ್ತಾರೆ. 2002ರ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಕೇಸಲ್ಲಿ ಸುಪ್ರೀಂ ಕೋರ್ಟ್, ಜಪ್ತಿ ಮಾಲು ಠಾಣೆಯಲ್ಲಿ ಹದಿನೈದು ದಿನ, ಹೆಚ್ಚೆಂದರೆ ಒಂದು ತಿಂಗಳಿಗಿಂತ ಜಾಸ್ತಿ ಕೊಳೀಬಾರದು ಅಂದಿದೆ; ಅದನ್ನೇ ವಕೀಲರು ಅರ್ಜಿಯಲ್ಲಿ ಹಾಕಿದರು. ಅವರ ಫೀಸು, ಬಾಂಡು, ಫೋಟೋ ಎಲ್ಲಾ ಸೇರಿ ನಾಲ್ಕು ಸಾವಿರದ ಒಳಗೆ.

ಹದಿನೆಂಟು ಕೆಜಿ ಚಿಲ್ಲರೆ ತಾಮ್ರ ಮನೆಗೆ ಬಂತು. ಕೇಸ್ ಮುಗಿಯೋವರೆಗೆ ಮಾರೋ ಹಾಗಿಲ್ಲ, ಕರೆದಾಗ ಹಾಜರುಪಡಿಸಬೇಕು ಅಂತ ಬಾಂಡಲ್ಲಿದೆ. ತಾಮ್ರದ ರೇಟು ಏರ್ತಾ ಇದೆ, ಮಂಚದ ಕೆಳಗೆ ಬಿದ್ದಿರಲಿ.