ಅಪ್ಪನ ಎಎಲ್‌ಎಸ್: ಮನೆಯವರಿಗೆ ಮೊದಲೇ ಗೊತ್ತಿರಬೇಕಾದದ್ದು

ಅಪ್ಪನಿಗೆ ಎಎಲ್‌ಎಸ್ ಎಂಬ ನರರೋಗ ಬಂದಿತ್ತು. ಮೊದಲು ಸೋತದ್ದು ಬಲಗೈ ಹೆಬ್ಬೆರಳು. ಅಂಗಿಯ ಗುಂಡಿ ಹಾಕಲಾಗುತ್ತಿರಲಿಲ್ಲ. ನೋವಿಲ್ಲ, ಜೋಮಿಲ್ಲ, ಹಾಗಾಗಿ ತಿಂಗಳುಗಟ್ಟಲೆ ಸುಮ್ಮನಿದ್ದೆವು. ನೀವು ಹಾಗೆ ಮಾಡಬೇಡಿ. ನೋವಿಲ್ಲದೆ ಕೈಯೋ ಕಾಲೋ ಸೊರಗುತ್ತಿದ್ದರೆ, ಮಾತು ತೊದಲಿದರೆ ನರರೋಗ ತಜ್ಞರನ್ನು ಕಾಣಿ. ಒಂದೇ ಪರೀಕ್ಷೆಯಿಂದ ಇದು ಖಚಿತವಾಗುವುದಿಲ್ಲ. ಇಎಂಜಿ (ಸ್ನಾಯುಗಳ ವಿದ್ಯುತ್ ಚಟುವಟಿಕೆ ನೋಡುವ ಪರೀಕ್ಷೆ), ಎಂಆರ್‌ಐ ಮಾಡಿಸಿ ಬೇರೆ ಕಾಯಿಲೆಗಳನ್ನು ಒಂದೊಂದಾಗಿ ತಳ್ಳಿಹಾಕುತ್ತಾರೆ.

ಸ್ನಾಯುಗಳನ್ನು ಆಡಿಸುವ ನರಕೋಶಗಳು ಮಿದುಳಲ್ಲೂ ಬೆನ್ನುಹುರಿಯಲ್ಲೂ ಸಾಯುತ್ತಾ ಹೋಗುವುದೇ ಈ ಕಾಯಿಲೆ. ನೋಟ, ಕಿವಿ, ಸ್ಪರ್ಶ ಸಾಮಾನ್ಯವಾಗಿ ಉಳಿಯುತ್ತವೆ. ಕೆಲವರಲ್ಲಿ ಯೋಚನೆ, ನಡವಳಿಕೆ ಬದಲಾಗುವುದುಂಟು. ಪೂರ್ತಿ ಗುಣಪಡಿಸುವ ಮದ್ದಿಲ್ಲ; ರಿಲುಜೋಲ್ ಎಂಬ ಔಷಧ ಕಾಯಿಲೆಯ ವೇಗವನ್ನು ಸ್ವಲ್ಪ ತಗ್ಗಿಸುತ್ತದೆ.

ಉಸಿರಿನ ಮೇಲೆ ಕಣ್ಣಿಡಿ. ಎದ್ದ ಕೂಡಲೇ ತಲೆನೋವು, ಹಗಲೆಲ್ಲ ತೂಕಡಿಕೆ, ಅಂಗಾತ ಮಲಗಲಾಗದಿರುವುದು: ಇವು ರಾತ್ರಿ ಉಸಿರು ಸಾಲದಿರುವ ಸೂಚನೆಗಳು. ನಾನು ಅಪ್ಪನ ತಲೆನೋವನ್ನು ನಿದ್ದೆಗೆಟ್ಟದ್ದಕ್ಕೆ ಅಂದುಕೊಂಡಿದ್ದೆ. ಮುಖಕವಚದ ಮೂಲಕ ಗಾಳಿ ಒತ್ತಿ ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಯಂತ್ರ ಹಾಕಿದ ಮೇಲೆ ಅದು ಹೋಯಿತು. ವೈದ್ಯರನ್ನು ಕೇಳದೆ ಆಕ್ಸಿಜನ್ ಮಾತ್ರ ಕೊಡಬೇಡಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇನ್ನಷ್ಟು ಏರಬಹುದು.

ನೀರು ಕುಡಿದಾಗ ಕೆಮ್ಮು ಬಂದರೆ ನುಂಗುವ ಚಿಕಿತ್ಸಕರಿಗೆ ತೋರಿಸಿ. ಗಟ್ಟಿ ಮಾಡಿದ ದ್ರವ ಅನೇಕರಿಗೆ ಸುಲಭ. ಆಹಾರ ಕೊಡಲು ಹೊಟ್ಟೆಗೆ ಕೊಳವೆ ಹಾಕಿಸುವ ನಿರ್ಧಾರವನ್ನು ಉಸಿರು ತೀರಾ ಕುಗ್ಗುವ ಮೊದಲೇ ಮಾಡಿ. ಆಮೇಲೆ ಅಪಾಯ ಹೆಚ್ಚು.

ದನಿ ಇರುವಾಗಲೇ ರೆಕಾರ್ಡ್ ಮಾಡಿಕೊಳ್ಳಿ. ನಮ್ಮಲ್ಲಿ ಉಳಿದದ್ದು ಅಪ್ಪ ನನ್ನನ್ನು ಕರೆಯುವ ನಾಲ್ಕು ಸೆಕೆಂಡು. ಕಣ್ಣಿನ ಚಲನೆ ಹೆಚ್ಚಾಗಿ ಕೊನೆವರೆಗೂ ಉಳಿಯುತ್ತದೆ, ಹಾಗಾಗಿ ಕಣ್ಣಿನಿಂದಲೇ ಅಕ್ಷರ ಆರಿಸುವ ಹಲಗೆ ಮಾಡಿಕೊಂಡೆವು. ಮೇಲೆ ನೋಡಿದರೆ ಹೌದು, ಕೆಳಗೆ ನೋಡಿದರೆ ಇಲ್ಲ. ವಾಕ್ಯವನ್ನು ನಾವೇ ಮುಗಿಸಲು ಹೋದಾಗಲೆಲ್ಲ ಅಪ್ಪ ಕಣ್ಣು ಮುಚ್ಚಿಬಿಡುತ್ತಿದ್ದರು.