ಕೋನ್ ಫಿಲ್ಟರ್ ಹಾಕಿದಿರಾ? ಜೆಟ್ ಬದಲಿಸದೆ ಘಾಟಿ ಇಳಿಯಬೇಡಿ

ಬೈಕಿನ ಏರ್ ಬಾಕ್ಸ್ (ಏರ್ ಫಿಲ್ಟರ್ ಕೂರುವ ಪೆಟ್ಟಿಗೆ) ಕಿತ್ತು, ಕಾರ್ಬ್ಯುರೇಟರಿಗೇ ನೇರವಾಗಿ ಕೂರುವ ಶಂಕುವಿನಾಕಾರದ ಕೋನ್ ಫಿಲ್ಟರ್ ಹಾಕಿದರೆ ಗಾಳಿ ಸಲೀಸಾಗಿ ನುಗ್ಗುತ್ತದೆ, ಅದಕ್ಕೆ ತಕ್ಕಷ್ಟು ಪೆಟ್ರೋಲನ್ನು ಹಳೆಯ ಜೆಟ್ (ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ರಂಧ್ರದ ತಿರುಪು) ಕೊಡಲಾರದು. ಮಿಶ್ರಣ ಲೀನ್ ಆಗುತ್ತದೆ, ಅಂದರೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾಗುತ್ತದೆ. ಆ್ಯಕ್ಸಲರೇಟರ್ ಬಿಟ್ಟಾಗ ಸೈಲೆನ್ಸರ್ ಪಟಪಟ ಸಿಡಿಯುತ್ತದೆ, ಎಂಜಿನ್ ವೇಗ ಇಳಿಯಲು ತಡಮಾಡುತ್ತದೆ, ಹೆಡ್ (ಎಂಜಿನ್ನಿನ ಮೇಲ್ಭಾಗ) ವಿಪರೀತ ಕಾಯುತ್ತದೆ. ಪುಣೆಯಿಂದ ಕೊಲ್ಹಾಪುರ ದಾಟಿ ಬೆಳಗಾವಿಗೆ ಒಂದೇ ಬಿಗಿಯಲ್ಲಿ ಓಡಿಸುವವರ ಬೈಕಿನ ಪಿಸ್ಟನ್ ಜಾಮ್ ಆಗುವುದು ಹೀಗೆಯೇ.

ಮೊದಲು ಕಾರ್ಬ್ಯುರೇಟರ್ ಮತ್ತು ಹೆಡ್ ನಡುವಿನ ರಬ್ಬರ್ ನೋಡಿ. ಅದು ಬಿರುಕು ಬಿಟ್ಟಿದ್ದರೆ ಯಾವ ಜೆಟ್ ಹಾಕಿದರೂ ಟ್ಯೂನಿಂಗ್ ನಿಲ್ಲುವುದಿಲ್ಲ. ಹೊಸ ಸ್ಪಾರ್ಕ್ ಪ್ಲಗ್ ಹಾಕಿ, ಹತ್ತು ನಿಮಿಷ ಓಡಿಸಿ ಎಂಜಿನ್ ಬಿಸಿ ಮಾಡಿ.

ಮೇನ್ ಜೆಟ್‌ನಿಂದ ಶುರು ಮಾಡಿ; ಆ್ಯಕ್ಸಲರೇಟರ್ ಪೂರ್ತಿ ತಿರುಗಿಸಿದಾಗ ಪೆಟ್ರೋಲ್ ಅಳೆಯುವುದು ಇದೇ. ಪೆಟ್ರೋಲ್ ಕಾಕ್ ಮುಚ್ಚಿ, ಫ್ಲೋಟ್ ಬೌಲ್ (ಕಾರ್ಬ್ಯುರೇಟರಿನ ತಳದ ಪೆಟ್ರೋಲ್ ಬಟ್ಟಲು) ಬಿಚ್ಚಿ, ಜೆಟ್ ಮೇಲಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಅದು ಹಿತ್ತಾಳೆ; ಸರಿಯಾಗಿ ಕೂರದ ಸ್ಕ್ರೂಡ್ರೈವರ್ ಹಾಕಿದರೆ ತಲೆ ಕಿತ್ತುಬರುತ್ತದೆ. ಒಂದೆರಡು ಸೈಜ್ ದೊಡ್ಡದನ್ನು ಪುಣೆಯ ನಾನಾ ಪೇಠ್ ಬಡಾವಣೆಯ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿ. ತಂತಿ ತೂರಿಸಿ ರಂಧ್ರ ದೊಡ್ಡದು ಮಾಡಿಸಬೇಡಿ, ಅಳತೆಯೇ ಕೈತಪ್ಪುತ್ತದೆ. ಖಾಲಿ ಏರು ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಆ್ಯಕ್ಸಲರೇಟರ್ ಪೂರ್ತಿ ತಿರುಗಿಸಿ, ಆಮೇಲೆ ಒಂದಿಷ್ಟೇ ಬಿಡಿ. ಬಿಟ್ಟಾಗ ಬೈಕ್ ಇನ್ನೂ ಜೋರಾಗಿ ಎಳೆದರೆ ಜೆಟ್ ಇನ್ನೂ ಚಿಕ್ಕದೇ. ಮುಗ್ಗರಿಸಿ ಕಪ್ಪು ಹೊಗೆ ಬಂದರೆ ದೊಡ್ಡದಾಯಿತು. ಪ್ಲಗ್ ಬಿಚ್ಚಿ ನೋಡಿ: ಬಿಳಿ ಇದ್ದರೆ ಲೀನ್, ಮಸಿ ಹಿಡಿದಿದ್ದರೆ ರಿಚ್ (ಪೆಟ್ರೋಲ್ ಹೆಚ್ಚು), ತಿಳಿ ಕಂದು ಸರಿ.

ಆ್ಯಕ್ಸಲರೇಟರ್ ಕಾಲು ಭಾಗದಿಂದ ಮುಕ್ಕಾಲಿನವರೆಗೆ ಕಾರ್ಬ್ಯುರೇಟರಿನೊಳಗೆ ಮೇಲೆ ಕೆಳಗೆ ಆಡುವ ಸೂಜಿ, ಅಂದರೆ ನೀಡಲ್‌ನದೇ ರಾಜ್ಯ. ಊರೊಳಗಿನ ಓಟ ಹೆಚ್ಚಾಗಿ ಇಲ್ಲೇ. ಅದರ ಕ್ಲಿಪ್ಪನ್ನು ಒಂದು ಕಚ್ಚು ಕೆಳಗಿಳಿಸಿದರೆ ನೀಡಲ್ ಮೇಲೇರಿ ಪೆಟ್ರೋಲ್ ಹೆಚ್ಚುತ್ತದೆ. ಕಚ್ಚುಗಳೇ ಇಲ್ಲದ ನೀಡಲ್ ಆದರೆ ಅದರ ತಲೆಯ ಕೆಳಗೆ ಅರ್ಧ ಮಿ.ಮೀ. ವಾಷರ್ ಹಾಕಿ.

ಕೊನೆಗೆ ಟ್ಯೂನಿಂಗ್ ಸ್ಕ್ರೂ; ಐಡಲ್‌ನಲ್ಲಿ, ಅಂದರೆ ಆ್ಯಕ್ಸಲರೇಟರ್ ಬಿಟ್ಟು ಎಂಜಿನ್ ತಾನೇ ಓಡುವಾಗ, ಮಿಶ್ರಣ ಹೊಂದಿಸುವುದು ಇದು. ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ (ಬಿಗಿದರೆ ತುದಿ ಹಾಳಾಗುತ್ತದೆ), ಒಂದೂವರೆ ಸುತ್ತು ಹೊರತೆಗೆಯಿರಿ. ಎಂಜಿನ್ ಅತಿ ಹೆಚ್ಚು ವೇಗದಲ್ಲಿ ಸ್ಥಿರವಾಗಿ ಓಡುವವರೆಗೆ ಕಾಲು ಸುತ್ತಿನಂತೆ ಹೊಂದಿಸಿ, ನಂತರ ಐಡಲ್ ಸ್ಕ್ರೂನಿಂದ ವೇಗ ಇಳಿಸಿ. ಸ್ಕ್ರೂ ಎಂಜಿನ್ ಕಡೆ ಇದ್ದರೆ ಹೊರತೆಗೆದಷ್ಟೂ ರಿಚ್. ಫಿಲ್ಟರ್ ಕಡೆ ಇದ್ದರೆ ಲೀನ್. ಇದನ್ನು ಅದಲುಬದಲು ಮಾಡಿಕೊಂಡೇ ಹಲವರು ದಿನಗಟ್ಟಲೆ ಒದ್ದಾಡುತ್ತಾರೆ. ಮೂರು ಸುತ್ತಿಗೂ ಬಗ್ಗದಿದ್ದರೆ ಐಡಲ್‌ಗೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್ ಬದಲಿಸಬೇಕು.

ಪುಣೆ ಸಮುದ್ರಮಟ್ಟಕ್ಕಿಂತ ಸುಮಾರು 560 ಮೀಟರ್ ಎತ್ತರದಲ್ಲಿದೆ. ಇಲ್ಲಿ ಲೀನ್ ಅಂಚಿಗೆ ಹೊಂದಿಸಿದ ಬೈಕ್ ಮುಂಬೈಗೋ ಗೋವಾಕ್ಕೋ ಇಳಿದರೆ ದಟ್ಟ ಗಾಳಿಯಿಂದ ಮತ್ತಷ್ಟು ಲೀನ್ ಆಗುತ್ತದೆ. ಎರಡು ಜೆಟ್‌ಗಳ ನಡುವೆ ಅನುಮಾನ ಬಂದರೆ ದೊಡ್ಡದನ್ನೇ ಉಳಿಸಿಕೊಳ್ಳಿ. ಇನ್ನೂ ಎತ್ತರದ ಮಹಾಬಳೇಶ್ವರ ಹತ್ತುವಾಗ ತುಸು ರಿಚ್ ಆದರೂ ಪ್ಲಗ್ ಒರೆಸಿದರೆ ಮುಗಿಯಿತು, ಪಿಸ್ಟನ್ ಹಾಗಲ್ಲ.

ನಿಮ್ಮದು ವ್ಯಾಕ್ಯೂಮ್ ಸ್ಲೈಡಿನ (ಸ್ಲೈಡನ್ನು ಕೇಬಲ್ ಅಲ್ಲ, ಎಂಜಿನ್ ಎಳೆಯುವ ಗಾಳಿಯೇ ಎತ್ತುವ) ಕಾರ್ಬ್ಯುರೇಟರ್ ಆದರೆ ಕೋನ್ ಫಿಲ್ಟರ್ ಬೇಡವೇ ಬೇಡ. ನಡುವೇಗದಲ್ಲಿ ಬರುವ ಮುಗ್ಗರಿಕೆ ಸುಲಭಕ್ಕೆ ಹೋಗದು, ಕೊಂಕಣದ ಮಳೆಯಲ್ಲಿ ಫಿಲ್ಟರ್ ನೀರನ್ನೂ ಹೀರುತ್ತದೆ. ಏರ್ ಬಾಕ್ಸ್ ಉಳಿಸಿಕೊಂಡು ಒಳಗಿನ ಫಿಲ್ಟರ್ ಮಾತ್ರ ಬದಲಿಸಿ. ಆಗ ಸಾಮಾನ್ಯವಾಗಿ ಜೆಟ್ ಮುಟ್ಟುವ ಕೆಲಸವೇ ಇರುವುದಿಲ್ಲ.