ಟ್ರ್ಯಾಕ್ಟರ್ ರೇಡಿಯೇಟರಿನ ತುಕ್ಕು ನೀರು ಸರಿಪಡಿಸಿದ ಬಗೆ
ಹಿರಿಯೂರಿನ ಬಳಿಯ ನಮ್ಮ ಹೊಲದಲ್ಲಿ ಉಳುಮೆ ಶುರುವಾದ ಅರ್ಧ ಗಂಟೆಗೇ ಟ್ರ್ಯಾಕ್ಟರಿನ ಶಾಖ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟುತ್ತಿತ್ತು. ಆರಿದ ಮೇಲೆ ರೇಡಿಯೇಟರಿನ ಮುಚ್ಚಳ ತೆಗೆದರೆ ಇಟ್ಟಿಗೆಪುಡಿ ಕದಡಿದಂಥ ನೀರು ಕಾಣುತ್ತಿತ್ತು. ಮುಚ್ಚಳ ಮತ್ತು ಥರ್ಮೋಸ್ಟಾಟ್ (ಶಾಖಕ್ಕೆ ತಕ್ಕಂತೆ ನೀರಿನ ಹರಿವನ್ನು ಬಿಡುವ ಕವಾಟ) ಬದಲಿಸಿದ್ದು, ಜಾಲರಿಯ ಹೊಟ್ಟು ಊದಿ ತೆಗೆದದ್ದು ಪ್ರಯೋಜನಕ್ಕೆ ಬರಲಿಲ್ಲ. ಕೊಳವೆಬಾವಿಯ ಗಡಸು ನೀರಿಗೇ ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ಸುರಿದದ್ದಂತೂ ಹಣ ದಂಡ.

ಕೊನೆಗೆ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರಿನದಷ್ಟೇ ಅಲ್ಲದೆ ಎಂಜಿನ್ ಬ್ಲಾಕಿನ ನೀರು ಬಸಿಯುವ ತಿರುಪನ್ನೂ ಬಿಚ್ಚಿ (ಮೊದಲು ಬಿಚ್ಚದೆ ಬಿಟ್ಟದ್ದು ಇದನ್ನೇ), ಹೊರಬರುವ ನೀರು ತಿಳಿಯಾಗುವವರೆಗೆ ತೊಳೆದೆ. ತುಕ್ಕುನಿರೋಧಕವಿರುವ ಎಥಿಲೀನ್ ಗ್ಲೈಕಾಲ್ ಕೂಲಂಟನ್ನು ಡಿಸ್ಟಿಲ್ಡ್ ವಾಟರಿನೊಂದಿಗೆ 1:1ರಂತೆ ಬೇರೆ ಕ್ಯಾನಿನಲ್ಲೇ ಬೆರೆಸಿ ನಿಧಾನವಾಗಿ ತುಂಬಿದೆ. ಬಳಿಕ ಮುಚ್ಚಳ ಹಾಕದೆ ಎಂಜಿನನ್ನು ಕಡಿಮೆ ವೇಗದಲ್ಲಿ ಓಡಿಸಿ, ಗುಳ್ಳೆ ಬರುವುದು ನಿಂತು ಮಟ್ಟ ಇಳಿದಾಗ ಮತ್ತಷ್ಟು ಸೇರಿಸಿ ಮುಚ್ಚಿದೆ. ಮರುದಿನ ಬೆಳಿಗ್ಗೆ ಇನ್ನೂ ಅರ್ಧ ಲೋಟ ಹಿಡಿಸಿತು.